ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು

2022ರ ಫೆಬ್ರವರಿ 10. ಬೀಜಿಂಗ್ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಪುರುಷರ ಫಿಗರ್ ಸ್ಕೇಟಿಂಗ್‌ನ ಕೊನೆಯ ಸುತ್ತು. ಆ ಹೊತ್ತಿಗಾಗಲೇ ಎರಡು ಒಲಿಂಪಿಕ್ ಚಿನ್ನ ಗೆದ್ದಿದ್ದ ಜಪಾನಿನ ಯುಜುರು ಹನ್ಯು ನಾಲ್ಕೂವರೆ ಸುತ್ತಿನ ಆಕ್ಸೆಲ್ ಜಿಗಿತಕ್ಕೆ ಹಾರಿ, ಇಳಿಯುವಾಗ ಬಿದ್ದರು. ಅಂದಿನ ಅಧಿಕೃತ ಅಂಕಪಟ್ಟಿಯಲ್ಲಿ ಆ ಜಿಗಿತದ ಸಂಕೇತ ಇದೆ: 4ಎ. ಅದರ ಪಕ್ಕದಲ್ಲಿ ಬಾಣದ ಮೊನೆಯಂಥ ಒಂದು ಸಣ್ಣ ಗುರುತು. ಸುತ್ತು ಪೂರ್ತಿಯಾಗಲಿಲ್ಲ ಎಂದು ಅದರ ಅರ್ಥ. ಆ ಗುರುತು ಬಿದ್ದರೆ ಜಿಗಿತದ ಮೂಲ ಅಂಕ 12.50ರಿಂದ 10ಕ್ಕೆ ಇಳಿಯುತ್ತದೆ. ಹನ್ಯು ಒಟ್ಟು 283.21 ಅಂಕ ಪಡೆದು ನಾಲ್ಕನೆಯವರಾದರು. ಏಳು ತಿಂಗಳ ಮೇಲೆ, ಸೆಪ್ಟೆಂಬರ್ 14ರಂದು, ಅಮೆರಿಕದ ಲೇಕ್ ಪ್ಲಾಸಿಡ್‌ನಲ್ಲಿ 17 ವರ್ಷದ ಇಲ್ಯಾ ಮಲಿನಿನ್ ಅದೇ ಜಿಗಿತವನ್ನು ಪೂರ್ತಿ ಸುತ್ತಿ, ಬೀಳದೆ ಇಳಿದರು.

ಇದನ್ನು ವಿಶ್ವಕೋಶವೊಂದು ಹನ್ಯು ಅವರ ಜೀವನಚರಿತ್ರೆಯಲ್ಲಿ ಬರೆಯುವುದು ಹೇಗೆ? ‘ಜಗತ್ತಿನಲ್ಲೇ ಮೊದಲು ಈ ಜಿಗಿತ ಸಾಧಿಸಿದವರು’ ಎಂದು ಬರೆದರೆ ಸುಳ್ಳು. ‘ಪ್ರಯತ್ನಿಸಿ ಸೋತರು’ ಎಂದಷ್ಟೇ ಬರೆದರೆ ಅರ್ಧ ಸತ್ಯ. ಅಂತರರಾಷ್ಟ್ರೀಯ ಸ್ಪರ್ಧೆಯ ಅಂಕಪಟ್ಟಿಯಲ್ಲಿ ನಾಲ್ಕೂವರೆ ಸುತ್ತಿನ ಆಕ್ಸೆಲ್ ಎಂದು ಮಾನ್ಯವಾದ ಮೊದಲ ಯತ್ನ ಅವರದು, ಸುತ್ತು ಪೂರ್ತಿಯಾಗದೆ ಬಿದ್ದರು, ಶುದ್ಧವಾಗಿ ಮೊದಲು ಇಳಿದವರು ಮಲಿನಿನ್. ಇಷ್ಟು ಬರೆದರೆ ಸರಿ. ಇಬ್ಬರ ಅಭಿಮಾನಿಗಳಿಗೂ ಇದು ರುಚಿಸದೆ ಇರಬಹುದು. ಆದರೆ ಅಂಕಪಟ್ಟಿ ಹೇಳುವುದು ಅಷ್ಟನ್ನೇ. ಅದಕ್ಕಿಂತ ಹೆಚ್ಚು ಹೇಳುವ ಅಧಿಕಾರ ವಿಶ್ವಕೋಶಕ್ಕಿಲ್ಲ.

ಸ್ಕೇಟರುಗಳ ಬಗ್ಗೆ ಇವತ್ತು ಯಾರು ಏನು ತಿಳಿಯಬೇಕೆಂದರೂ ಮೊದಲು ಹೋಗುವುದು ವಿಕಿಪೀಡಿಯಕ್ಕೆ. 2001ರ ಜನವರಿಯಲ್ಲಿ ಶುರುವಾದ ಈ ಮುಕ್ತ ವಿಶ್ವಕೋಶದ ಬುಡದಲ್ಲಿ ಮೂರು ಕಟ್ಟಳೆಗಳಿವೆ. ನಿಲುವು ತಟಸ್ಥವಾಗಿರಬೇಕು. ಬರೆದದ್ದನ್ನು ಓದುಗ ತಾನೇ ಪರೀಕ್ಷಿಸಿಕೊಳ್ಳಲು ಆಧಾರ ಇರಬೇಕು. ಬರೆಯುವವರ ಸ್ವಂತ ಸಂಶೋಧನೆ ಅಲ್ಲಿ ಸೇರಬಾರದು. ಬದುಕಿರುವವರ ಜೀವನಚರಿತ್ರೆಗೆ ಇನ್ನೂ ಬಿಗಿಯಾದ ನಿಯಮ ಬಂದದ್ದು 2005ರ ಒಂದು ಪ್ರಸಂಗದ ನಂತರ. ಅಮೆರಿಕದ ಹಿರಿಯ ಪತ್ರಕರ್ತ ಜಾನ್ ಸೀಗೆಂಥಾಲರ್ ಅವರಿಗೆ ಕೆನಡಿ ಸಹೋದರರ ಹತ್ಯೆಯ ನಂಟು ಕಟ್ಟಿ ಯಾರೋ ಒಬ್ಬರು ಬರೆದಿದ್ದ ಶುದ್ಧ ಸುಳ್ಳು ನಾಲ್ಕು ತಿಂಗಳಿಗೂ ಹೆಚ್ಚು ಕಾಲ ಅವರ ಪುಟದಲ್ಲಿ ಉಳಿದಿತ್ತು. ಅಂದಿನಿಂದ, ಬದುಕಿರುವವರ ಬಗ್ಗೆ ಆಧಾರವಿಲ್ಲದ, ಹಾನಿಕರವಾದ ಮಾತನ್ನು ಚರ್ಚೆಗೂ ಕಾಯದೆ ತೆಗೆದುಹಾಕಬೇಕು ಎಂಬುದು ಅಲ್ಲಿನ ಕಟ್ಟುನಿಟ್ಟು.

ಈ ನಿಯಮಗಳೆಲ್ಲ ಕ್ರಿಕೆಟಿಗರಿಗೂ ಅನ್ವಯಿಸುತ್ತವೆ, ಸಿನಿಮಾ ನಟರಿಗೂ ಅನ್ವಯಿಸುತ್ತವೆ. ಫಿಗರ್ ಸ್ಕೇಟಿಂಗ್‌ನಲ್ಲಿ ಅವು ಇನ್ನಷ್ಟು ಕಠಿಣವಾಗುವುದಕ್ಕೆ ಕಾರಣಗಳಿವೆ. ಇಲ್ಲಿ ಗೆಲುವನ್ನು ಗಡಿಯಾರವಾಗಲಿ ಗೋಲಾಗಲಿ ನಿರ್ಧರಿಸುವುದಿಲ್ಲ, ತೀರ್ಪುಗಾರರ ಕಣ್ಣು ನಿರ್ಧರಿಸುತ್ತದೆ. ಹಾಗಾಗಿ ಪ್ರತಿ ಫಲಿತಾಂಶದ ಬೆನ್ನಿಗೂ ಒಂದು ತಕರಾರು ಇರುತ್ತದೆ. ಕ್ರೀಡಾಪಟುಗಳು ಎಳೆಯರು, ಹದಿನಾಲ್ಕು ಹದಿನೈದಕ್ಕೇ ಲೋಕಪ್ರಸಿದ್ಧರಾದವರಿದ್ದಾರೆ. ಅಭಿಮಾನಿಗಳು ಅಪಾರ ಶ್ರದ್ಧೆಯವರು, ಆ ಪುಟಗಳನ್ನು ಹೆಚ್ಚಾಗಿ ಬರೆಯುವವರೂ ಅವರೇ. ಅವರ ದುಡಿಮೆಯನ್ನು ನಾನು ಕಡೆಗಣಿಸುವುದಿಲ್ಲ. ಯಾವ ಋತುವಿನಲ್ಲಿ ಯಾವ ಸಂಗೀತಕ್ಕೆ ಯಾರು ಸ್ಕೇಟ್ ಮಾಡಿದರು ಎಂಬ ವಿವರವನ್ನು ಅವರಷ್ಟು ಅಚ್ಚುಕಟ್ಟಾಗಿ ಇಟ್ಟವರು ಬೇರೆ ಇಲ್ಲ. ತೊಡಕು ಬರುವುದು ಕೋಷ್ಟಕ ಮುಗಿದು ವಾಕ್ಯ ಶುರುವಾಗುವ ಕಡೆ.

ಮೊದಲು ಆಕರಗಳನ್ನೇ ನೋಡೋಣ. 1892ರಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ಸ್ಕೇಟಿಂಗ್ ಒಕ್ಕೂಟ ಪ್ರತಿ ಸ್ಪರ್ಧಿಗೂ ಒಂದು ಪರಿಚಯ ಪುಟ ಇಟ್ಟಿದೆ. ಹುಟ್ಟಿದ ದಿನ, ಎತ್ತರ, ಊರು, ಹವ್ಯಾಸ, ಸ್ಕೇಟಿಂಗ್ ಶುರುಮಾಡಿದ ವರ್ಷ, ಕ್ಲಬ್ಬು, ಕೋಚ್, ನೃತ್ಯ ಸಂಯೋಜಕರು, ಈ ಋತುವಿನ ಎರಡು ಸಂಗೀತಗಳು, ಅತ್ಯುತ್ತಮ ಅಂಕ ಎಲ್ಲವೂ ಒಂದೇ ಹಾಳೆಯಲ್ಲಿ ಸಿಗುತ್ತವೆ. ಬಹುಪಾಲು ಜೀವನಚರಿತ್ರೆಗಳು ನಿಂತಿರುವುದು ಈ ಹಾಳೆಯ ಮೇಲೆ. ಆದರೆ ಇದು ಒಕ್ಕೂಟ ತನ್ನ ಕೆಲಸಕ್ಕೆ ಇಟ್ಟುಕೊಂಡ ದಾಖಲೆ. ಅಂಕ, ಸ್ಥಾನ, ದಿನಾಂಕಗಳಿಗೆ ಇದಕ್ಕಿಂತ ಗಟ್ಟಿಯಾದ ಆಧಾರ ಬೇರೆ ಇಲ್ಲ. ಈ ವ್ಯಕ್ತಿ ಏಕೆ ಮುಖ್ಯ, ಬದುಕು ಹೇಗೆ ಸಾಗಿತು, ಕೋಚ್‌ನಿಂದ ಏಕೆ ದೂರವಾದರು ಎಂಬುದಕ್ಕೆ ಇದರಲ್ಲಿ ಉತ್ತರವಿಲ್ಲ. ಮೇಲಾಗಿ ಪ್ರತಿ ಋತುವಿಗೂ ಹೊಸ ವಿವರ ಬಂದು ಹಳೆಯದು ಅಳಿಸಿಹೋಗುತ್ತದೆ. ಹೋದ ವರ್ಷದ ಕೋಚ್ ಹೆಸರಿಗೆ ಇಂದಿನ ಹಾಳೆಯನ್ನು ಆಧಾರವಾಗಿ ಕೊಟ್ಟರೆ, ತೆರೆದು ನೋಡಿದ ಓದುಗನಿಗೆ ಅಲ್ಲಿ ಬೇರೆ ಹೆಸರು ಕಾಣುತ್ತದೆ. ಹಾಗಾಗಿ ಸಂಗ್ರಹಿಸಿಟ್ಟ ಹಳೆಯ ಪ್ರತಿಯ ಕೊಂಡಿ ಕೊಡುವ ಅಭ್ಯಾಸ ಬೆಳೆಯಿತು. ಅಮೆರಿಕದ ಐಸ್‌ನೆಟ್‌ವರ್ಕ್ ಎಂಬ ಸ್ಕೇಟಿಂಗ್ ಸುದ್ದಿತಾಣ 2019ರ ಆರಂಭದಲ್ಲಿ ಮುಚ್ಚಿದಾಗ ಈ ಅಭ್ಯಾಸದ ಬೆಲೆ ತಿಳಿಯಿತು. ಅದನ್ನು ನಂಬಿದ್ದ ಅಡಿಟಿಪ್ಪಣಿಗಳು ತೆರೆಯದ ಬಾಗಿಲುಗಳಾದವು.

ಅಂಕಗಳಲ್ಲೂ ಒಂದು ಗುಂಡಿ ಇದೆ. 2018-19ರ ಋತುವಿನಿಂದ ಪ್ರತಿ ಅಂಶದ ಗುಣಮಟ್ಟಕ್ಕೆ ಕೊಡುವ ಅಂಕ ಮೈನಸ್ 3ರಿಂದ ಪ್ಲಸ್ 3ರವರೆಗೆ ಇದ್ದದ್ದು ಮೈನಸ್ 5ರಿಂದ ಪ್ಲಸ್ 5ರವರೆಗೆ ಹಿಗ್ಗಿತು. ಅದಕ್ಕೂ ಹಿಂದಿನ ದಾಖಲೆಗಳನ್ನೆಲ್ಲ ಒಕ್ಕೂಟ ‘ಐತಿಹಾಸಿಕ’ ಎಂದು ಬೇರೆ ಇಟ್ಟಿತು. 2017ರ ಅಂಕವನ್ನೂ 2019ರ ಅಂಕವನ್ನೂ ಒಂದೇ ತಕ್ಕಡಿಗೆ ಹಾಕಿ ‘ವಿಶ್ವದಾಖಲೆ ಮುರಿದರು’ ಎಂದು ಬರೆಯುವವರು ಈ ಗೆರೆಯನ್ನು ನೋಡಿಲ್ಲ. 2004ಕ್ಕೆ ಮುಂಚಿನ 6.0 ಪದ್ಧತಿಯವರ ಜೊತೆ ಹೋಲಿಕೆಯಂತೂ ಸಲ್ಲದು.

ಪತ್ರಿಕೆಯಲ್ಲಿ ಬಂದ ಮಾತ್ರಕ್ಕೆ ಸಂಗತಿ ನಿಜವಾಗುತ್ತದೆಯೇ? ಫ್ರಾನ್ಸಿನ ಸೂರ್ಯಾ ಬೊನಾಲಿ ಅವರ ಉದಾಹರಣೆ ಇದೆ. 1998ರ ನಗಾನೊ ಒಲಿಂಪಿಕ್ಸ್‌ನಲ್ಲಿ ನಿಷೇಧವಿದ್ದ ಹಿಮ್ಮುಖ ಪಲ್ಟಿ ಹೊಡೆದು ಒಂದೇ ಕಾಲಿನ ಮೇಲೆ ಇಳಿದವರು ಅವರು. ಅವರ ಆರಂಭದ ದಿನಗಳಲ್ಲಿ, ಆಕೆ ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದಲ್ಲಿ ಹುಟ್ಟಿದವರೆಂದು ಪತ್ರಿಕೆಗಳಿಗೆ ಹೇಳಲಾಯಿತು, ಪತ್ರಿಕೆಗಳು ಹಾಗೆಯೇ ಅಚ್ಚುಹಾಕಿದವು. ನಿಜಕ್ಕೂ ಆಕೆ ಹುಟ್ಟಿದ್ದು ಫ್ರಾನ್ಸಿನದೇ ಆದ ನೀಸ್ ನಗರದಲ್ಲಿ. ಕಪ್ಪು ಮೈಬಣ್ಣದ ಹುಡುಗಿ ಎಲ್ಲೋ ದೂರದ ದ್ವೀಪದವಳಾಗಿದ್ದರೆ ಚೆಂದ ಎಂಬ ಕಥೆಯ ಆಸೆ ಒಂದು ಜನ್ಮಸ್ಥಳವನ್ನೇ ಬದಲಿಸಿತ್ತು. ಹತ್ತು ಪತ್ರಿಕೆ ಬರೆದರೂ ಮೂಲ ಒಂದೇ ಬಾಯಿ ಆಗಿದ್ದರೆ ಅದು ಹತ್ತು ಆಧಾರವಾಗುವುದಿಲ್ಲ.

ಹುಟ್ಟಿದ ದಿನಾಂಕದಂಥ ಸರಳ ವಿವರವೂ ಹೀಗೆ ಕೈಕೊಡಬಲ್ಲದು. 2011ರಲ್ಲಿ ಚೀನಾದ ಕೆಲವು ಸ್ಕೇಟರುಗಳ ವಯಸ್ಸು ಅಲ್ಲಿನ ಸಂಸ್ಥೆಯ ಜಾಲತಾಣದಲ್ಲಿ ಒಂದು, ಅಂತರರಾಷ್ಟ್ರೀಯ ಒಕ್ಕೂಟದ ದಾಖಲೆಯಲ್ಲಿ ಇನ್ನೊಂದು ಇರುವುದನ್ನು ಸುದ್ದಿಗಾರರು ಗಮನಿಸಿದರು. ತಮ್ಮ ಜಾಲತಾಣದ ದಿನಾಂಕಗಳೇ ತಪ್ಪು ಎಂದು ಚೀನಾದ ಸಂಸ್ಥೆ ಹೇಳಿತು, ಒಕ್ಕೂಟ ಕ್ರಮ ಕೈಗೊಳ್ಳಲಿಲ್ಲ. ಇಂಥ ಕಡೆ ವಿಶ್ವಕೋಶ ಒಂದು ದಿನಾಂಕ ಆರಿಸಿಕೊಂಡು ಇನ್ನೊಂದನ್ನು ಮುಚ್ಚಿಡುವುದೂ ತಪ್ಪು, ‘ವಯಸ್ಸು ತಿದ್ದಿದರು’ ಎಂದು ತೀರ್ಪು ಕೊಡುವುದೂ ತಪ್ಪು. ಎರಡು ದಾಖಲೆ ಇವೆ, ಯಾರು ಏನು ಹೇಳಿದರು, ಕೊನೆಗೆ ಏನಾಯಿತು ಎಂಬಷ್ಟು ಸಾಕು.

ಇನ್ನು ಆಟಗಾರರು ತಮ್ಮ ಬಗ್ಗೆ ತಾವೇ ಹೇಳಿಕೊಳ್ಳುವುದು. 2010ರ ವ್ಯಾಂಕೂವರ್‌ನಲ್ಲಿ ರಷ್ಯದ ಯೆವ್ಗೆನಿ ಪ್ಲುಶೆಂಕೊ 256.36 ಅಂಕ ಪಡೆದು, 257.67 ಪಡೆದ ಅಮೆರಿಕದ ಇವಾನ್ ಲೈಸಾಚೆಕ್‌ಗೆ ಸೋತರು. ಅಂತರ 1.31. ಲೈಸಾಚೆಕ್ ನಾಲ್ಕು ಸುತ್ತಿನ ಜಿಗಿತವನ್ನೇ ಮಾಡದೆ ಗೆದ್ದರೆಂಬುದು ಪ್ಲುಶೆಂಕೊ ಅವರ ಅಸಮಾಧಾನ. ಅದಾದ ಮೇಲೆ ಅವರ ಸ್ವಂತ ಜಾಲತಾಣದಲ್ಲಿ ಪದಕಗಳ ಪಟ್ಟಿಯಲ್ಲಿ ವ್ಯಾಂಕೂವರ್‌ನ ‘ಪ್ಲಾಟಿನಂ’ ಕಾಣಿಸಿಕೊಂಡಿತು. ಒಲಿಂಪಿಕ್ಸ್‌ನಲ್ಲಿ ಅಂಥ ಪದಕವೇ ಇಲ್ಲ. ಸಾಕುನಾಯಿಯ ಹೆಸರಿಗೆ, ಓದಿದ ಶಾಲೆಗೆ, ತಾನು ನಿವೃತ್ತನಾದೆ ಎಂಬ ಘೋಷಣೆಗೆ ಆಟಗಾರನ ಸ್ವಂತ ಪುಟ ಆಧಾರವಾಗಬಹುದು. ಗೆದ್ದ ಪದಕಕ್ಕೆ ಆಗುವುದಿಲ್ಲ.

ತಟಸ್ಥವಾಗಿರುವುದು ಎಂದರೆ ಮೌನವಾಗಿರುವುದು ಎಂದುಕೊಂಡವರು ಹಲವರು. ವಿವಾದದ ಸೊಲ್ಲೇ ಎತ್ತದಿದ್ದರೆ ಪುಟ ನಿಷ್ಪಕ್ಷಪಾತವಾಯಿತು ಎಂದು ಅವರ ಭಾವನೆ. 2002ರ ಸಾಲ್ಟ್ ಲೇಕ್ ಸಿಟಿಯ ಜೋಡಿ ಸ್ಪರ್ಧೆಯನ್ನು ಹಾಗೆ ಬರೆಯಲು ಸಾಧ್ಯವೇ? ರಷ್ಯದ ಬೆರೆಜ್ನಾಯಾ ಮತ್ತು ಸಿಖಾರುಲಿಜೆ ಚಿನ್ನ ಗೆದ್ದರು. ಫ್ರಾನ್ಸಿನ ತೀರ್ಪುಗಾರ್ತಿ ಮರಿ ರೇನ್ ಲ ಗೂನ್ಯ್ ತನ್ನ ಮೇಲೆ ಒತ್ತಡವಿತ್ತೆಂದು ಹೇಳಿ, ಆಮೇಲೆ ಆ ಮಾತು ಹಿಂದಕ್ಕೆ ತೆಗೆದುಕೊಂಡರು. ಅವರನ್ನೂ ಫ್ರೆಂಚ್ ಸಂಸ್ಥೆಯ ಮುಖ್ಯಸ್ಥರನ್ನೂ ಮೂರು ವರ್ಷ ಅಮಾನತು ಮಾಡಲಾಯಿತು. ಕೆನಡಾದ ಸಾಲೆ ಮತ್ತು ಪೆಲ್ಟಿಯೆ ಅವರಿಗೂ ಚಿನ್ನ ಕೊಡಲಾಯಿತು, ರಷ್ಯದ ಜೋಡಿಯ ಚಿನ್ನ ಅವರ ಬಳಿಯೇ ಉಳಿಯಿತು. ನಾಲ್ವರು ಸ್ಕೇಟರುಗಳಲ್ಲಿ ಯಾರೊಬ್ಬರೂ ತಪ್ಪು ಮಾಡಿದರೆಂದು ಯಾವ ತನಿಖೆಯೂ ಹೇಳಿಲ್ಲ. ಈ ಕೊನೆಯ ವಾಕ್ಯ ಅವರ ನಾಲ್ಕೂ ಪುಟಗಳಲ್ಲಿ ಇರಲೇಬೇಕು ಎಂಬುದು ನನ್ನ ಅಭಿಪ್ರಾಯ.

2014ರ ಸೋಚಿಯಲ್ಲಿ ಆದದ್ದು ಬೇರೆ. ರಷ್ಯದ ಅದೆಲಿನಾ ಸೊತ್ನಿಕೊವಾ 224.59, ಕೊರಿಯಾದ ಯುನಾ ಕಿಮ್ 219.11. ಲಕ್ಷಾಂತರ ಜನ ಅಂತರ್ಜಾಲದ ಮನವಿಗೆ ಸಹಿ ಹಾಕಿದರು, ಕೊರಿಯಾ ದೂರು ಕೊಟ್ಟಿತು, ಒಕ್ಕೂಟ ಅದನ್ನು ತಳ್ಳಿಹಾಕಿತು. ಇಲ್ಲಿ ಗಮನಿಸಬೇಕಾದ ಒಂದು ವಿವರವಿದೆ. ಆಗ ಯಾವ ಅಂಕ ಯಾವ ತೀರ್ಪುಗಾರರದು ಎಂಬುದು ಗೋಪ್ಯ. ಆ ಗೋಪ್ಯತೆ ರದ್ದಾದದ್ದು 2016ರಲ್ಲಿ. ಹಾಗಿರುವಾಗ ‘ಇಂಥ ತೀರ್ಪುಗಾರರು ಸೊತ್ನಿಕೊವಾಗೆ ಹೆಚ್ಚು ಅಂಕ ಕೊಟ್ಟರು’ ಎಂದು ಹೆಸರು ಹಿಡಿದು ಬರೆದವರಿಗೆ ಆಧಾರ ಎಲ್ಲಿಂದ ಬರಬೇಕು? ಊಹೆ ಎಷ್ಟೇ ಬಲವಾಗಿರಲಿ, ದಾಖಲೆ ಇಲ್ಲ. ಜೊತೆಗೆ, ಆ ವಿವಾದ ಸ್ಪರ್ಧೆಯ ಪುಟಕ್ಕೆ ಸೇರಿದ್ದು. ಅಂದು 17 ವರ್ಷದವರಾಗಿದ್ದ ಹುಡುಗಿಯ ಜೀವನಚರಿತ್ರೆಯ ಮುಕ್ಕಾಲು ಭಾಗ ಅದೇ ಆಗಬಾರದು.

ಸಿನಿಮಾ ಬಂದ ಮೇಲೆ ಆಧಾರಗಳು ಕಲಸಿಹೋಗುವುದಕ್ಕೆ ಅಮೆರಿಕದ ಸ್ಕೇಟರ್ ಟೋನ್ಯಾ ಹಾರ್ಡಿಂಗ್ ಪುಟ ನಿದರ್ಶನ. 1994ರ ಜನವರಿ 6ರಂದು ಡೆಟ್ರಾಯಿಟ್‌ನಲ್ಲಿ ಆಕೆಯ ಪ್ರತಿಸ್ಪರ್ಧಿ ನ್ಯಾನ್ಸಿ ಕೆರಿಗನ್ ಕಾಲಿಗೆ ಒಬ್ಬ ಹೊಡೆದ. ಹಾರ್ಡಿಂಗ್ ಮಾರ್ಚ್ 16ರಂದು ನ್ಯಾಯಾಲಯದಲ್ಲಿ ಒಪ್ಪಿಕೊಂಡದ್ದು ಹಲ್ಲೆಯನ್ನಲ್ಲ, ಹಲ್ಲೆಕೋರರ ಮೇಲಿನ ಕಾನೂನು ಕ್ರಮಕ್ಕೆ ಅಡ್ಡಿಪಡಿಸುವ ಸಂಚನ್ನು. ಅಮೆರಿಕದ ಸ್ಕೇಟಿಂಗ್ ಸಂಸ್ಥೆಯ ಸಮಿತಿ ಮಾತ್ರ, ಆಕೆಗೆ ಹಲ್ಲೆಯ ವಿಷಯ ಮೊದಲೇ ಗೊತ್ತಿತ್ತು ಎಂದು ತೀರ್ಮಾನಿಸಿ ಆ ವರ್ಷದ ಪ್ರಶಸ್ತಿ ಕಸಿದುಕೊಂಡು ಆಜೀವ ನಿಷೇಧ ಹೇರಿತು. ಸಮಿತಿಗೆ ಬೇಕಾದ ಪುರಾವೆಯ ಮಟ್ಟ ಕ್ರಿಮಿನಲ್ ನ್ಯಾಯಾಲಯದ್ದಕ್ಕಿಂತ ಕಡಿಮೆ. 2017ರ ‘ಐ, ಟೋನ್ಯಾ’ ಚಲನಚಿತ್ರ ಇದೇ ಘಟನೆಯನ್ನು ಪಾತ್ರಗಳ ಬಾಯಲ್ಲಿ ಒಂದಕ್ಕೊಂದು ಹೊಂದದಂತೆ ಹೇಳಿಸುತ್ತದೆ. ನ್ಯಾಯಾಲಯದಲ್ಲಿ ಏನಾಯಿತು, ಸಮಿತಿ ಏನು ನಂಬಿತು, ಸಿನಿಮಾ ಏನು ತೋರಿಸಿತು ಎಂಬ ಮೂರನ್ನೂ ಬೇರೆ ಬೇರೆ ಇಡಬೇಕು. ಒಂದರ ಮಾತನ್ನು ಇನ್ನೊಂದರ ಬಾಯಿಗೆ ಹಾಕಿದ ವಾಕ್ಯಗಳೇ ಹೆಚ್ಚು ಕಣ್ಣಿಗೆ ಬೀಳುತ್ತವೆ.

ಈ ಸಮೀಕ್ಷೆಯ ಅತ್ಯಂತ ನೋವಿನ ಪುಟಕ್ಕೆ ಬರುತ್ತೇನೆ. ರಷ್ಯದ ಸ್ಕೇಟರ್ ಕಮೀಲಾ ವಲಿಯೆವಾ ಹುಟ್ಟಿದ್ದು 2006ರ ಏಪ್ರಿಲ್‌ನಲ್ಲಿ, ಕಜಾನ್‌ನಲ್ಲಿ. ಬೀಜಿಂಗ್‌ಗೆ ಬಂದಾಗ 15 ವರ್ಷ. 2021ರ ಡಿಸೆಂಬರ್ 25ರಂದು ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಕೊಟ್ಟ ಮಾದರಿಯಲ್ಲಿ ಟ್ರೈಮೆಟಾಜಿಡಿನ್ ಎಂಬ ಹೃದಯದ ಔಷಧಿ ಪತ್ತೆಯಾದ ವರದಿ ಸ್ಟಾಕ್‌ಹೋಮ್ ಪ್ರಯೋಗಾಲಯದಿಂದ ಹೊರಬಿದ್ದದ್ದು 2022ರ ಫೆಬ್ರವರಿ 8ಕ್ಕೆ, ಅಂದರೆ ಆಕೆಯೂ ಆಡಿದ್ದ ತಂಡ ಸ್ಪರ್ಧೆ ಮುಗಿದ ಮರುದಿನ. ಫೆಬ್ರವರಿ 14ರಂದು ಕ್ರೀಡಾ ನ್ಯಾಯಮಂಡಳಿ ಆಕೆಗೆ ಸ್ಪರ್ಧಿಸಲು ಅವಕಾಶ ಕೊಟ್ಟಿತು. ಫೆಬ್ರವರಿ 17ರಂದು ಜಗತ್ತೇ ನೋಡುತ್ತಿದ್ದಂತೆ ಆಕೆ ಮತ್ತೆ ಮತ್ತೆ ಬಿದ್ದು ನಾಲ್ಕನೆಯವರಾದರು. ಅಂತಿಮ ತೀರ್ಪು ಬಂದದ್ದು 2024ರ ಜನವರಿ 29ರಂದು. ಡಿಸೆಂಬರ್ 25ರಿಂದ ಲೆಕ್ಕ ಹಿಡಿದು ನಾಲ್ಕು ವರ್ಷ ನಿಷೇಧ, ಅಂದಿನಿಂದ ಗಳಿಸಿದ ಫಲಿತಾಂಶಗಳೆಲ್ಲ ರದ್ದು.

ಈ ಎರಡು ವರ್ಷಗಳ ಮಧ್ಯೆ ವಿಶ್ವಕೋಶ ಏನು ಹೇಳಬಹುದಿತ್ತು? ನಿಷೇಧಿತ ವಸ್ತು ಮಾದರಿಯಲ್ಲಿ ಸಿಕ್ಕಿತು ಎಂದು ಹೇಳಬಹುದಿತ್ತು, ಅದಕ್ಕೆ ದಾಖಲೆ ಇತ್ತು. ಅಜ್ಜನ ಔಷಧಿಯಿಂದ ಸೇರಿರಬಹುದು ಎಂಬುದು ಆಕೆಯ ಕಡೆಯವರ ವಾದ ಎಂದು ಅವರ ಹೆಸರಿನಲ್ಲೇ ಹೇಳಬಹುದಿತ್ತು. ‘ಮೋಸಗಾತಿ’ ಎನ್ನಲು ಆಧಾರವಿರಲಿಲ್ಲ, ‘ನಿರಪರಾಧಿ’ ಎನ್ನಲೂ ಇರಲಿಲ್ಲ. ಕೋಚ್ ಎತೆರಿ ತುತ್ಬೆರಿಜೆ ಅವರ ಪುಟದ ಕಥೆಯೂ ಅಷ್ಟೆ. ಒಲಿಂಪಿಕ್ ಸಮಿತಿಯ ಅಂದಿನ ಅಧ್ಯಕ್ಷ ಥಾಮಸ್ ಬಾಖ್, ಬಿದ್ದು ಬಂದ ಹುಡುಗಿಯನ್ನು ಹತ್ತಿರದವರೇ ತಣ್ಣಗೆ ಎದುರುಗೊಂಡದ್ದು ನೋಡಿ ಕಳವಳವಾಯಿತೆಂದು ಬಹಿರಂಗವಾಗಿ ಹೇಳಿದರು. ರಷ್ಯ ಸರ್ಕಾರದ ವಕ್ತಾರರು ಅದನ್ನು ಒಪ್ಪಲಿಲ್ಲ. ಎರಡನ್ನೂ ಆಡಿದವರ ಹೆಸರಿಗೇ ಕಟ್ಟಿ ಬರೆಯಬೇಕು. ಟೀವಿಯಲ್ಲಿ ಕಂಡ ಎರಡು ನಿಮಿಷದ ದೃಶ್ಯದಿಂದ ಕೋಚ್‌ನ ಗುಣಸ್ವಭಾವವನ್ನು ನಾವೇ ತೀರ್ಮಾನಿಸಿ ಬರೆದರೆ ಅದು ಸ್ವಂತ ಸಂಶೋಧನೆಯಾಗುತ್ತದೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ನಮ್ಮ ಗಾದೆ ಇಲ್ಲಿ ಅಕ್ಷರಶಃ ಒಪ್ಪುತ್ತದೆ.

ಪದಕಗಳ ಲೆಕ್ಕವೂ ಕಾಯಬೇಕಾಗಿತ್ತು. ತಂಡ ಸ್ಪರ್ಧೆಯ ಪದಕ ಪ್ರದಾನವೇ ಬೀಜಿಂಗ್‌ನಲ್ಲಿ ನಡೆಯಲಿಲ್ಲ. 2024ರ ಜನವರಿ 30ರಂದು ಒಕ್ಕೂಟ ಅಮೆರಿಕಕ್ಕೆ ಚಿನ್ನ, ಜಪಾನಿಗೆ ಬೆಳ್ಳಿ, ರಷ್ಯದ ತಂಡಕ್ಕೆ ಕಂಚು ಎಂದು ಮರುಹಂಚಿಕೆ ಮಾಡಿತು. ಕೆನಡಾ ಒಂದೇ ಒಂದು ಅಂಕದಿಂದ ನಾಲ್ಕನೆಯದಾಯಿತು. ಅಮೆರಿಕ ಮತ್ತು ಜಪಾನಿನವರ ಕೊರಳಿಗೆ ಪದಕ ಬಿದ್ದದ್ದು ಆಗಸ್ಟ್ 7ರಂದು, ಪ್ಯಾರಿಸ್‌ನಲ್ಲಿ, ಬೇಸಿಗೆ ಒಲಿಂಪಿಕ್ಸ್ ನಡೆಯುತ್ತಿದ್ದಾಗ. ಅಲ್ಲಿಯವರೆಗೆ ‘ಹೇಗಿದ್ದರೂ ಚಿನ್ನ ಇವರದೇ’ ಎಂದು ಮೊದಲೇ ತಿದ್ದಿಬಿಡುವ ಆತುರವನ್ನು ತಡೆದು ನಿಲ್ಲುವುದು ಸಂಪಾದಕರ ಕೆಲಸವಾಗಿತ್ತು. ವಲಿಯೆವಾ ಪ್ರಕರಣದ ನಂತರ, 2022ರ ಜೂನ್‌ನಲ್ಲಿ, ಒಕ್ಕೂಟ ಹಿರಿಯರ ವಿಭಾಗದ ಕನಿಷ್ಠ ವಯಸ್ಸನ್ನು ಹಂತ ಹಂತವಾಗಿ 17ಕ್ಕೆ ಏರಿಸಲು 16ರ ವಿರುದ್ಧ 100 ಮತಗಳಿಂದ ಒಪ್ಪಿತು. ಮಕ್ಕಳನ್ನು ಕಾಪಾಡಲು ಕ್ರೀಡೆ ತನ್ನ ನಿಯಮವನ್ನೇ ಬದಲಿಸಿಕೊಂಡಿದೆ. ಆ ಮಕ್ಕಳ ಬಗ್ಗೆ ಬರೆಯುವ ಕೈಗೂ ಆ ಎಚ್ಚರ ಬೇಕು.

ಪ್ರಮಾಣದ ಮಾತು ಇನ್ನೊಂದು. ಡೆಬಿ ಥಾಮಸ್ 1986ರ ವಿಶ್ವ ಚಾಂಪಿಯನ್, 1988ರ ಕ್ಯಾಲ್ಗರಿಯಲ್ಲಿ ಕಂಚು ಗೆದ್ದು ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಪದಕ ಪಡೆದ ಮೊದಲ ಕಪ್ಪು ಕ್ರೀಡಾಪಟು, ಆಮೇಲೆ ಮೂಳೆ ಶಸ್ತ್ರಚಿಕಿತ್ಸಕಿ. 2015ರ ಸುಮಾರಿಗೆ ಆಕೆ ಬಡತನದಲ್ಲಿದ್ದಾರೆಂಬ ಸುದ್ದಿ ಎಲ್ಲೆಡೆ ಹರಡಿತು. ಸುದ್ದಿ ಸುಳ್ಳಲ್ಲ. ಆದರೆ ಬದುಕಿನ ಒಂದು ಕಷ್ಟಕಾಲಕ್ಕೆ ಎಷ್ಟು ಸಾಲು, ವಿಶ್ವ ಪ್ರಶಸ್ತಿಗೂ ವೈದ್ಯ ಪದವಿಗೂ ಎಷ್ಟು ಸಾಲು? ಒಂದೊಂದು ವಾಕ್ಯಕ್ಕೂ ಆಧಾರವಿದ್ದೂ ಇಡೀ ಪುಟ ಅನ್ಯಾಯವಾಗಿರಬಹುದು. ಸ್ತ್ರೀ ಸ್ಕೇಟರುಗಳ ವಿಷಯದಲ್ಲಿ ಇದು ಎದ್ದು ಕಾಣುತ್ತದೆ. ಪುರುಷನ ಜಿಗಿತದ ತಾಂತ್ರಿಕತೆಗೆ ಒಂದು ಭಾಗವೇ ಮೀಸಲಾದರೆ, ಹೆಣ್ಣಿನ ಪುಟದಲ್ಲಿ ಉಡುಪು, ಅಳು, ತೂಕ ಬಂದು ಕೂರುತ್ತವೆ.

ತೀರ್ಪು ಎಂದೂ ಬಾರದ ಪ್ರಕರಣಗಳೂ ಇವೆ. ಅಮೆರಿಕದ ಜೋಡಿ ಸ್ಕೇಟರ್ ಜಾನ್ ಕಾಫ್ಲಿನ್ ಅವರನ್ನು ಕ್ರೀಡಾ ಸುರಕ್ಷತಾ ಕೇಂದ್ರ 2019ರ ಜನವರಿ 17ರಂದು ತಾತ್ಕಾಲಿಕವಾಗಿ ಅಮಾನತು ಮಾಡಿತು. ಮರುದಿನ ಅವರು ತೀರಿಕೊಂಡರು, ತನಿಖೆ ಅಲ್ಲಿಗೇ ನಿಂತಿತು. ಆಮೇಲೆ ಮಹಿಳಾ ಸ್ಕೇಟರುಗಳು ಬಹಿರಂಗವಾಗಿ ಆರೋಪ ಮಾಡಿದರು. ಆರೋಪಗಳನ್ನು ಅಳಿಸಿದರೆ ಮಾತಾಡಿದ ಹೆಣ್ಣುಮಕ್ಕಳಿಗೆ ಅನ್ಯಾಯ. ಸಾಬೀತಾದದ್ದೆಂಬಂತೆ ಬರೆದರೆ ಉತ್ತರಿಸಲಾಗದವರಿಗೆ ಅನ್ಯಾಯ. ಯಾರು, ಎಂದು, ಯಾವ ಪತ್ರಿಕೆಗೆ ಹೇಳಿದರು, ತನಿಖೆ ಏಕೆ ಪೂರ್ತಿಯಾಗಲಿಲ್ಲ ಎಂಬುದನ್ನು ವಿಶೇಷಣಗಳಿಲ್ಲದೆ ಬರೆಯುವುದೊಂದೇ ನನಗೆ ಕಾಣುವ ದಾರಿ.

ಒಂದೆರಡು ಸಾಲಿನ ಬಡಪಾಯಿ ಪುಟಗಳ ಕಥೆ ಚಿಕ್ಕದು. ಸ್ಪರ್ಧೆಯೊಂದರಲ್ಲಿ ಪಾಲ್ಗೊಂಡದ್ದೇ ಸಾಕು ಎಂಬ ಹಳೆಯ ಮಾನದಂಡವನ್ನು ಇಂಗ್ಲಿಷ್ ವಿಕಿಪೀಡಿಯ 2022ರಲ್ಲಿ ಕೈಬಿಟ್ಟಿತು. ಈಗ ಕ್ರೀಡಾಪಟುವಿನ ಪುಟಕ್ಕೆ ಆ ವ್ಯಕ್ತಿಯ ಬಗ್ಗೆ ವಿವರವಾಗಿ ಬರೆದ ಒಂದಾದರೂ ಸ್ವತಂತ್ರ ಆಧಾರ ಬೇಕು. ಸರಿಯಾದ ನಿರ್ಧಾರ. ಫಲಿತಾಂಶಗಳ ಕೋಷ್ಟಕಕ್ಕೆ ಜೀವನಚರಿತ್ರೆ ಎಂದು ಹೆಸರಿಟ್ಟರೆ ಓದುಗನಿಗೆ ಸಿಗುವುದು ಏನೂ ಇಲ್ಲ. ಆದರೆ ಇದರ ಹೊಡೆತ ಬೀಳುವುದು ಸ್ಕೇಟಿಂಗ್ ಬಗ್ಗೆ ಪತ್ರಿಕೆಗಳು ಬರೆಯದ ದೇಶಗಳವರಿಗೆ. ಅಮೆರಿಕದಲ್ಲಿ ಹುಟ್ಟಿ ಭಾರತವನ್ನು ಪ್ರತಿನಿಧಿಸುವ ತಾರಾ ಪ್ರಸಾದ್ ಅವರ ಬಗ್ಗೆ ನಮ್ಮ ಕ್ರೀಡಾಪುಟಗಳಲ್ಲಿ ಎಷ್ಟು ಬಂದಿದೆ ಎಂದು ಯೋಚಿಸಿದರೆ ಇದು ತಿಳಿಯುತ್ತದೆ.

ಕನ್ನಡಕ್ಕೆ ಈ ಚರ್ಚೆ ದೂರದ್ದಲ್ಲ. ಮೈಸೂರು ವಿಶ್ವವಿದ್ಯಾಲಯದ ಕನ್ನಡ ವಿಶ್ವಕೋಶದ 14 ಸಂಪುಟಗಳಲ್ಲಿ ಲೇಖನದ ಕೊನೆಗೆ ಬರೆದ ವಿದ್ವಾಂಸರ ಹೆಸರಿನ ಮೊದಲಕ್ಷರಗಳು ಇರುತ್ತಿದ್ದವು. ಅಲ್ಲಿ ಆ ಅಕ್ಷರಗಳೇ ಜಾಮೀನು. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯದಲ್ಲಿ ಬರೆದವರು ಯಾರೆಂದು ಓದುಗನಿಗೆ ಗೊತ್ತಿಲ್ಲ. ಜಾಮೀನು ನಿಲ್ಲಬೇಕಾದದ್ದು ಅಡಿಟಿಪ್ಪಣಿ. 2009ರ ಸುಮಾರಿಗೆ ಗೂಗಲ್‌ನ ಅನುವಾದ ಯೋಜನೆಯಲ್ಲಿ ಇಂಗ್ಲಿಷಿನ ಉದ್ದುದ್ದ ಲೇಖನಗಳು ಯಂತ್ರದ ನೆರವಿನಿಂದ ಕನ್ನಡಕ್ಕೆ ಬಂದು ಸೇರಿದವು. ಜೊತೆಗೆ ಅಡಿಟಿಪ್ಪಣಿಗಳೂ ಹಾಗೇ ಬಂದವು. ಅನುವಾದಿಸಿದವರು ಆ ಆಧಾರಗಳನ್ನು ತೆರೆದು ಓದಿದ್ದರೆಂದು ಹೇಳಲು ಏನೂ ಇಲ್ಲ. ಓದದೆ ತಂದಿಟ್ಟ ಆಧಾರ ಜಾಮೀನಾಗುವುದಿಲ್ಲ. ಇಂಗ್ಲಿಷ್ ಪುಟದಲ್ಲಿ ಆಮೇಲೆ ತಿದ್ದಿಕೊಂಡ ತಪ್ಪು ಕನ್ನಡದಲ್ಲಿ ವರ್ಷಗಟ್ಟಲೆ ಉಳಿದುಬಿಡುವುದು ಹೀಗೆಯೇ. ನಿಷೇಧ, ಅಮಾನತು, ಆರೋಪ, ಅನುಮಾನ ಎಂಬ ಮಾತುಗಳ ನಡುವಿನ ಅಂತರ ಅನುವಾದದಲ್ಲಿ ಕರಗಿದರೆ ಆಗುವ ಹಾನಿ ಸಣ್ಣದಲ್ಲ.

2026ರ ಮಿಲಾನ್ ಒಲಿಂಪಿಕ್ಸ್‌ನ ಹೆಸರುಗಳಿಗೆ ಕನ್ನಡದಲ್ಲಿ ಪುಟ ಬರೆಯುವ ಮನಸ್ಸಿರುವವರಲ್ಲಿ ನನ್ನದೊಂದು ಕೋರಿಕೆ. ಇಂಗ್ಲಿಷ್ ಪುಟವನ್ನು ಪಕ್ಕಕ್ಕಿಟ್ಟು ಮೊದಲು ಒಕ್ಕೂಟದ ಅಂಕಪಟ್ಟಿ ತೆರೆಯಿರಿ. ಆಮೇಲೆ ಆ ಸ್ಕೇಟರ್ ಬಗ್ಗೆ ಬಂದ ಎರಡು ಒಳ್ಳೆಯ ಪತ್ರಿಕಾ ಲೇಖನಗಳನ್ನು ಪೂರ್ತಿ ಓದಿರಿ. ನೀವೇ ಓದಿದ ಆಧಾರವನ್ನಷ್ಟೇ ಕೊಡಿರಿ. ಐದೇ ವಾಕ್ಯ ಬರೆಯಲು ಸಾಧ್ಯವಾದರೆ ಐದೇ ವಾಕ್ಯ ಬರೆಯಿರಿ. ಅನುಮಾನವಿದ್ದರೆ ಪುಟದ ಚರ್ಚೆಯಲ್ಲೋ ಕನ್ನಡ ವಿಕಿಪೀಡಿಯದ ಚರ್ಚಾಸ್ಥಳವಾದ ಅರಳಿಕಟ್ಟೆಯಲ್ಲೋ ಕೇಳಿರಿ. ಉತ್ತರ ಬರುವವರೆಗೆ ಆ ಸಾಲು ಖಾಲಿ ಇರಲಿ.